ನಡುಗುವ ಪರದೆಯ ಮುಂದಿನ ಕುರ್ಚಿ

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದ ಅನಾಹುತದ ಮೂಲ ಎಲ್ಲಿದೆ ಎಂದು ಓದುಗರಿಗೆ ಮೊದಲೇ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಯಾರು ಏನೇ ಹೇಳಿದರೂ "ಇದಕ್ಕೆ ಆಧಾರ ಏನು?" ಎಂದು ಕೇಳುವ ಚಟ ನನಗೆ ವಿಶ್ವವಿದ್ಯಾಲಯದಲ್ಲಿ ಅಂಟಿಕೊಂಡಿತು. ಆಮೇಲೆ ಪಾಠವೆಲ್ಲ ಮರೆತುಹೋಯಿತು. ಚಟ ಉಳಿಯಿತು!

ಇಂಥವನು ಮೂಡುಬಿದಿರೆಯಲ್ಲಿ ಒಂದು ಸಹಕಾರಿ ಸಂಘದ ಶಾಖೆಗೆ ಮ್ಯಾನೇಜರ್ ಆದದ್ದು ಹೇಗೆ ಎಂದು ಕೇಳಬೇಡಿ. ನನಗೂ ಸರಿಯಾಗಿ ನೆನಪಿಲ್ಲ. ಇದು ನಡೆದ ವರ್ಷವೂ ನೆನಪಿಲ್ಲ. ಆಫೀಸಿಗೆ ಕಂಪ್ಯೂಟರ್ ಬಂದಿತ್ತು, ಮಾನಿಟರ್ ಇನ್ನೂ ಚಪ್ಪಟೆಯಾಗಿರಲಿಲ್ಲ. ಪಡಿತರದ ಅಕ್ಕಿಮೂಟೆಯ ಹಾಗೆ ಮೇಜು ತುಂಬ ಕುಳಿತಿರುತ್ತಿತ್ತು. ಅಂಥ ಕಾಲ.

ನಮ್ಮ ಶಾಖೆ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಬಸ್ಸಿನ ಹಾಗೆ ಉದ್ದ, ಬಸ್ಸಿನ ಹಾಗೆಯೇ ಇಕ್ಕಟ್ಟು. ಮುಂದೆ ಡ್ರೈವರನ ಜಾಗದಲ್ಲಿ ನನ್ನ ಕ್ಯಾಬಿನ್. ತುದಿಯ ಗೋಡೆಗೆ ಒರಗಿದಂತೆ ಕ್ಲರ್ಕ್ ಸುನಂದಾಳ ಸೀಟು. ಆ ಗೋಡೆಯ ಆಚೆ ಮೆಟ್ಟಿಲಿನ ಮೂಲೆಯಲ್ಲಿ ಇಡೀ ಕಟ್ಟಡದ ಮೈನ್ ಬೋರ್ಡ್. ಅಲ್ಲಿಂದ ಗೋಡೆಯೊಳಗೆ ದಪ್ಪ ವಯರುಗಳು ಕೆಳಗೆ ಇಸ್ಮಾಯಿಲರ ಅಂಗಡಿಗೆ ಇಳಿದಿದ್ದವು. ಇಸ್ಮಾಯಿಲ್ ಪ್ರಾಯವನ್ನೆಲ್ಲ ಸೌದಿಯ ದಮ್ಮಾಮಿನಲ್ಲಿ ಕಳೆದು, ಊರಿಗೆ ಬಂದು ಕೋಳಿ, ಮೀನು, ಐಸ್‌ಕ್ರೀಮಿನ ಕೋಲ್ಡ್ ಸ್ಟೋರೇಜ್ ಇಟ್ಟಿದ್ದರು. ನಾಲ್ಕು ದೊಡ್ಡ ಫ್ರೀಜರ್. ಅವರ ಗಲ್ಫ್ ಬದುಕಿನ ಸಂಪಾದನೆ ಎಂದರೆ ಆ ನಾಲ್ಕು ಪೆಟ್ಟಿಗೆಗಳೇ.

ಒಂದು ಬೆಳಿಗ್ಗೆ ಸುನಂದಾ ಕ್ಯಾಬಿನಿಗೆ ಬಂದು ಹೇಳಿದಳು, "ಸಾರ್, ಪರದೆಯಲ್ಲಿ ಅಕ್ಷರ ಎಲ್ಲ ನಡುಗ್ತಾ ಉಂಟು."

ನೋಡಿದೆ. ನಿಜ. ಕೆಳಗೆ ಫ್ರೀಜರ್ ಗುಂಯ್ ಎಂದು ಶುರುವಾದಾಗ ಇನ್ನೂ ಜೋರಾಗಿ ನಡುಗುತ್ತಿತ್ತು. ನಾನು ವೈಜ್ಞಾನಿಕವಾಗಿ ಮುಂದುವರಿದೆ. ಅವಳ ಮಾನಿಟರನ್ನು ನನ್ನ ಮೇಜಿಗೆ, ನನ್ನದನ್ನು ಅವಳ ಮೇಜಿಗೆ ಇಡಿಸಿದೆ. ಅವಳದ್ದು ನನ್ನಲ್ಲಿ ಕಲ್ಲಿನ ಹಾಗೆ ನಿಂತಿತು. ನನ್ನದು ಅವಳಲ್ಲಿ ನಡುಗತೊಡಗಿತು.

"ನೋಡು, ಮಾನಿಟರ್ ಹಾಳಾಗಿಲ್ಲ," ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ಹಾಳಾದದ್ದು ಜಾಗ," ಎಂದಳು ಸುನಂದಾ. "ದೇವಪ್ಪಣ್ಣ ಕೂತ್ಕೊಳ್ತಿದ್ದದ್ದೂ ಇಲ್ಲೇ ಅಲ್ಲವಾ ಸಾರ್?"

ದೇವಪ್ಪಣ್ಣ ಸುನಂದಾಳಿಗಿಂತ ಮೊದಲು ಆ ಸೀಟಿನಲ್ಲಿದ್ದ ಕ್ಲರ್ಕ್. ತಲೆಯೊಳಗೆ ಗಡ್ಡೆಯಾಗಿ, ನಿವೃತ್ತಿಗೆ ಮೊದಲೇ ಹೋಗಿಬಿಟ್ಟರು.

"ಒಬ್ಬರು ತೀರಿಕೊಂಡ ಮಾತ್ರಕ್ಕೆ ಕುರ್ಚಿ ಕಾರಣ ಆಗ್ತದಾ? ಮಂಚದ ಮೇಲೆ ಎಷ್ಟು ಜನ ಸಾಯ್ತಾರೆ, ನಾವು ಮಲಗುವುದು ಬಿಟ್ಟಿದ್ದೇವಾ?"

"ಮಂಚ ನಡುಗುವುದಿಲ್ಲ ಸಾರ್. ನನಗೆ ದಿನಾ ತಲೆನೋವು. ಇನ್ನು ಆಧಾರ ಎಂತ ಅಂತ ಕೇಳ್ಬೇಡಿ, ನನ್ನ ತಲೆಯೇ ಆಧಾರ."

ಸುದ್ದಿ ಕಟ್ಟಡದ ಮಾಲೀಕರಾದ ಹೆಗ್ಡೆಯವರ ಕಿವಿಗೆ ಬಿತ್ತು. ಹೆಗ್ಡೆಯವರು ಊರಿನ ಹಳೆಯ ಜೈನ ಮನೆತನದವರು. ಬಿಳಿ ಪಂಚೆ, ಮೆಲು ಮಾತು. ಜ್ಯೋತಿಷಿಯನ್ನೂ ನಂಬುತ್ತಾರೆ, ಡಾಕ್ಟರನ್ನೂ ನಂಬುತ್ತಾರೆ, ಭಾನುವಾರದ ಪೇಪರನ್ನೂ ನಂಬುತ್ತಾರೆ.

"ಕರೆಂಟಿನ ಅಲೆ ಮೈಗೆ ಒಳ್ಳೆಯದಲ್ಲ ಅಂತ ಪೇಪರಿನಲ್ಲಿ ಬಂದಿತ್ತು ಸಾರ್."

"ಪೇಪರಿನಲ್ಲಿ ಬಂದದ್ದೆಲ್ಲ..."

"ನೀವು ಎಂ.ಎಸ್ಸಿ. ಅಲ್ಲವಾ? ನೀವೇ ನೋಡಿ ಹೇಳಿ. ನೀವು ಹೇಳಿದ ಹಾಗೆ ಮಾಡುವ."

ನೀವು ಹೇಳಿದ ಹಾಗೆ ಮಾಡುವ! ಈ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಂತೂ ಪ್ರಶ್ನೆಯೇ ಇಲ್ಲ. ನಾನು ಒಪ್ಪಿಕೊಂಡುಬಿಟ್ಟೆ.

ಹೈಸ್ಕೂಲು ಮೇಷ್ಟರಾಗಿದ್ದ ಗೆಳೆಯರೊಬ್ಬರಿಂದ ಒಂದು ದಿಕ್ಸೂಚಿ ತಂದೆ. ಕರೆಂಟ್ ಹರಿಯುವ ವಯರಿನ ಸುತ್ತ ಕಾಂತಕ್ಷೇತ್ರ ಇರುತ್ತದೆ, ಕಾಂತಕ್ಷೇತ್ರ ಇದ್ದಲ್ಲಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆ. ಇಷ್ಟು ಗಟ್ಟಿಯಾಗಿ ನೆನಪಿತ್ತು. ಆದರೆ ಮನೆ ಕರೆಂಟಿಗೆ, ಅಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕರೆಂಟಿಗೆ, ಮುಳ್ಳು ತಿರುಗುತ್ತದೋ ಇಲ್ಲವೋ? ಇದನ್ನು ಪಾಠ ಮಾಡಿದ ಪ್ರೊಫೆಸರರ ಮುಖ ನೆನಪಾಯಿತು. ಅವರ ಕೆಮ್ಮು ನೆನಪಾಯಿತು. ಕೋಟಿನ ತೋಳಿಗೆ ಅಂಟಿದ ಸೀಮೆಸುಣ್ಣವೂ ನೆನಪಾಯಿತು. ಅವರು ಹೇಳಿದ್ದು ಏನು ಎಂಬುದೊಂದು ಬರಲಿಲ್ಲ.

ಇರಲಿ, ಮುಳ್ಳೇ ಹೇಳುತ್ತದೆ ಎಂದುಕೊಂಡೆ.

ಮುಳ್ಳು ಹೇಳಿತು! ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು ಸುನಂದಾಳ ಮೇಜಿನ ಹತ್ತಿರ ಹೋಗಿ ಗೋಡೆಯ ಕಡೆ ತಿರುಗಿದೆ. ಮುಳ್ಳು ಉತ್ತರವನ್ನು ಬಿಟ್ಟು ಸರ್ರನೆ ಹೊರಳಿತು. ಗೋಡೆಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣವೆಂದು ಮಾನಿಟರಿಗೆ ಹೊಟ್ಟೆ ತಾಗಿಸಿ ಬಾಗಿದೆ. ಸುನಂದಾ ಕಿರುಚಿದಳು. ಪರದೆಯ ತುಂಬ ನೇರಳೆ, ಹಸಿರು ಬಣ್ಣ ಹರಡಿತ್ತು. ಪೆಟ್ಟು ತಿಂದು ರಕ್ತ ಕಟ್ಟಿದ ಚರ್ಮದ ಬಣ್ಣ. ನಾನು ಹಿಂದೆ ಸರಿದ ಮೇಲೂ ಒಂದು ಮೂಲೆಯಲ್ಲಿ ಕಲೆ ಹಾಗೆಯೇ ಉಳಿಯಿತು.

"ಇಷ್ಟು ದಿನ ನನ್ನ ತಲೆಯೊಳಗೆ ಹೀಗೇ ಆಗ್ತಿತ್ತಾ ಸಾರ್?" ಎಂದಳು ಸುನಂದಾ, ಬಿಳಿಚಿದ ಮುಖದಲ್ಲಿ.

ನಾನು ಗಂಭೀರವಾಗಿ ಕನ್ನಡಕ ಒರೆಸಿದೆ. ಮಾತಿಗಿಂತ ಅದೇ ಹೆಚ್ಚು ಹೆದರಿಸಿತು ಎಂದು ಆಮೇಲೆ ತಿಳಿಯಿತು.

ಕೆಳಗೆ ಹೋದೆ. ಇಸ್ಮಾಯಿಲ್ ಕುರ್ಚಿ ಒರೆಸಿ ಕೊಟ್ಟು, ಕೈಗೊಂದು ಕಪ್ ಐಸ್‌ಕ್ರೀಮ್ ಕೊಟ್ಟರು. ಒಂದು ಕೈಯಲ್ಲಿ ಐಸ್‌ಕ್ರೀಮ್, ಇನ್ನೊಂದರಲ್ಲಿ ದಿಕ್ಸೂಚಿ. ನಾಲ್ಕು ಫ್ರೀಜರಿನ ಹತ್ತಿರವೂ ಮುಳ್ಳಿಗೆ ಉತ್ತರದ ಗುರುತೇ ಇಲ್ಲ.

"ಇಸ್ಮಾಯಿಲ್, ಇದರಲ್ಲಿ ಕ್ಷೇತ್ರ ಜಾಸ್ತಿ ಉಂಟು."

"ಎಂತದ್ದು ಜಾಸ್ತಿ?"

"ಕಾಂತಕ್ಷೇತ್ರ. ಮೈಗೆ ಒಳ್ಳೆಯದಲ್ಲ ಅಂತ ಹೇಳ್ತಾರೆ."

"ಎಂತ ಸಾರ್ ನೀವು ಹೇಳುವುದು! ಅಲ್ಲಿ ದಮ್ಮಾಮಿನಲ್ಲಿ ಇದರ ಡಬಲ್ ಫ್ರೀಜರ್. ಅದಕ್ಕೆ ತಾಗಿಯೇ ನನ್ನ ಮಂಚ. ನನಗೆ ಐದು ಮಕ್ಕಳು!"

ಅದು ಆಧಾರವಲ್ಲ ಎಂದು ನಾನು ವಿವರಿಸಿದೆ. ಐಸ್‌ಕ್ರೀಮ್ ಮುಗಿಸಿ ಮೇಲೆ ಬಂದೆ. ಹೆಗ್ಡೆಯವರಿಗೆ ಫೋನ್ ಮಾಡಿ, "ಕ್ಷೇತ್ರ ಇರುವುದು ಖಚಿತ. ನಾನು ತಡೆ ಕಟ್ಟುತ್ತೇನೆ," ಎಂದೆ.

ತಡೆ ಎಂದರೆ ಗೋಡೆಗೆ ಲೋಹದ ತಗಡು ಹೊಡೆಯುವುದು. ಯಾವ ಲೋಹ? ಅಲ್ಯೂಮಿನಿಯಮೋ, ಕಬ್ಬಿಣವೋ? ಈ ಪ್ರಶ್ನೆ ನನಗೆ ಎಂ.ಎಸ್ಸಿ. ಪರೀಕ್ಷೆಯಲ್ಲಿ ಬಂದಿತ್ತು. ಉತ್ತರ ಬರೆದಿದ್ದೆ. ಪೂರ್ತಿ ಅಂಕವೂ ಬಂದಿತ್ತು. ಉತ್ತರ ಯಾವುದು ಎಂದು ಮಾತ್ರ ಮರೆತಿತ್ತು! ಕಬ್ಬಿಣ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಹಿಡಿಯುವುದಿಲ್ಲ ಎಂಬ ಪಾತ್ರೆ ಅಂಗಡಿಯವನ ತರ್ಕಕ್ಕೆ ತಲೆಬಾಗಿ ಅಲ್ಯೂಮಿನಿಯಂ ತಗಡು ತಂದೆ. ಶನಿವಾರ ಗಿರಾಕಿಗಳು ಹೋದ ಮೇಲೆ ಸುನಂದಾ ಕೈಗೆ ಬಟ್ಟೆ ಸುತ್ತಿಕೊಂಡು ತಗಡು ಹಿಡಿದಳು, ನಾನು ಕುರ್ಚಿ ಹತ್ತಿ ಮೊಳೆ ಹೊಡೆದೆ.

ಮೊದಲನೆಯ ಮೊಳೆ ಸರಿಯಾಗಿ ಹೋಯಿತು. ಎರಡನೆಯದು ಸ್ವಲ್ಪ ಸೊಟ್ಟಗಾಯಿತು. ಮೂರನೆಯದು ಗೋಡೆಯೊಳಗಿನ ವಯರಿಗೆ ಹೋಯಿತು.

ಠಪ್! ಒಂದು ನೀಲಿ ಬೆಳಕು. ಸುತ್ತಿಗೆಯ ಹಿಡಿ ಮರದ್ದಾದ್ದರಿಂದ ಇದನ್ನು ಬರೆಯಲು ನಾನು ಉಳಿದಿದ್ದೇನೆ. ಕಣ್ಣು ಬಿಟ್ಟಾಗ ಕುರ್ಚಿ ಸಮೇತ ನೆಲದಲ್ಲಿದ್ದೆ. ಸುನಂದಾ ತಗಡು ಬಿಟ್ಟು ಓಡಿ ಬಾಗಿಲಿನ ಹತ್ತಿರ ನಿಂತಿದ್ದಳು. ಫ್ಯಾನು ನಿಂತಿತ್ತು. ಕೆಳಗಿನ ಫ್ರೀಜರುಗಳ ಗುಂಯ್ ಸದ್ದೂ ನಿಂತಿತ್ತು. ಅಂಥದೊಂದು ಸದ್ದು ಇಡೀ ದಿನ ಇರುತ್ತದೆ ಎಂದು ಗೊತ್ತಾದದ್ದೇ ಅದು ನಿಂತಾಗ.

ಸುನಂದಾ ಕಪ್ಪಾದ ಮಾನಿಟರನ್ನು ನೋಡಿ ಹೇಳಿದಳು, "ಸಾರ್, ಈಗ ನಡುಗುವುದು ನಿಂತಿತು."

ಇಸ್ಮಾಯಿಲ್ ಮೆಟ್ಟಿಲು ಹತ್ತಿ ಬಂದರು. "ಸಾರ್, ಪೇಟೆಯಲ್ಲೆಲ್ಲ ಕರೆಂಟ್ ಉಂಟು. ನಮಗೆ ಮಾತ್ರ..." ಎನ್ನುತ್ತಿದ್ದವರು ತಗಡು ನೋಡಿದರು. ಕರಟಿದ ಮೊಳೆ ನೋಡಿದರು. ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾಳೆ ತೋಡಾರಿನಲ್ಲಿ ಮದುವೆ ಸಾರ್," ಎಂದರು, ಅಷ್ಟೆ.

ಮದುವೆಯ ಕೋಳಿಯೂ ಅಂಜಲ್ ಮೀನೂ ಆ ಫ್ರೀಜರುಗಳಲ್ಲಿದ್ದವು. ಹೊರಗೆ ಮೇ ತಿಂಗಳ ಸೆಕೆ. ಗೋಡೆ ಒಡೆದು ಸುಟ್ಟ ವಯರು ಹುಡುಕಿ ಜೋಡಿಸುವಾಗ ಮರುದಿನ ಸಂಜೆ. ಕೋಳಿಯನ್ನು ಹೇಗೋ ಐಸ್ ತರಿಸಿ ಉಳಿಸಿಕೊಂಡರು. ಮೀನು ಉಳಿಯಲಿಲ್ಲ. ಕಟ್ಟಡದ ಹಿಂದೆ ಹೊಂಡ ತೋಡಿ ಹುಗಿದೆವು. ನಾನೂ ಹಾರೆ ಹಿಡಿದೆ. ಅಷ್ಟು ಮೌನದ ಸಂಸ್ಕಾರ ಮನುಷ್ಯರಿಗೂ ನಡೆದದ್ದನ್ನು ನಾನು ನೋಡಿಲ್ಲ.

ಸೋಮವಾರ ಹೆಗ್ಡೆಯವರು ಬಂದರು. ನನ್ನನ್ನು ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ.

"ನೀವು ಹೇಳಿದ್ದು ಸತ್ಯ ಸಾರ್," ಎಂದರು. "ಈ ಗೋಡೆಯೊಳಗೆ ಎಷ್ಟು ಕರೆಂಟ್ ಹೋಗ್ತದೆ ಅಂತ ಆ ಮೊಳೆ ನೋಡಿದಾಗಲೇ ಗೊತ್ತಾಯ್ತು. ಅಷ್ಟೂ ಇಸ್ಮಾಯಿಲಿಗೇ ಹೋಗುವುದು. ತಿಂಗಳ ಕೊನೆಗೆ ಖಾಲಿ ಮಾಡ್ಲಿಕ್ಕೆ ಹೇಳಿದ್ದೇನೆ."

ಇಸ್ಮಾಯಿಲ್ ಸಂಜೆ ಮೇಲೆ ಬಂದು ನನ್ನ ಮುಂದೆ ಕುಳಿತರು. "ಬೇರೆ ಕಡೆ ಜಾಗ ಸಿಗುವುದಿಲ್ಲ ಸಾರ್. ಎಂ.ಎಸ್ಸಿ.ಯವರೇ ಬೇಡ ಅಂದ ಫ್ರೀಜರನ್ನು ಯಾರು ಇಟ್ಟುಕೊಳ್ತಾರೆ? ವಾಪಸು ದಮ್ಮಾಮಿಗೆ ಹೋಗುವ ಪ್ರಾಯವೂ ಅಲ್ಲ ನನ್ನದು."

ಮುಂದಿನ ಭಾನುವಾರ ಮಧ್ಯಾಹ್ನ ಮನಸ್ಸಿಗೆ ಸಮಾಧಾನವಿಲ್ಲದೆ, ಮನೆಯಲ್ಲಿ ಕ್ಷೇತ್ರ ಎಷ್ಟಿದೆ ನೋಡೋಣ ಎಂದು ದಿಕ್ಸೂಚಿ ಹಿಡಿದು ಹೊರಟೆ. ಫ್ರಿಜ್ಜಿನ ಹತ್ತಿರ ಮುಳ್ಳು ತಿರುಗಿತು. ಮಿಕ್ಸಿಯ ಹತ್ತಿರ ತಿರುಗಿತು. ಅಂಗಳಕ್ಕೆ ಹೋದೆ, ಹಲಸಿನ ಮರದ ಹತ್ತಿರವೂ ತಿರುಗಿತು! ಬಾವಿಕಟ್ಟೆಯ ಹತ್ತಿರವೂ ತಿರುಗಿತು!

"ವಾರಿಜಾ, ಇಡೀ ಊರೇ ಹೋಯಿತು!" ಎಂದು ಕೂಗಿದೆ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಅದು ಎಲ್ಲಿ ಹೋದರೂ ನಿಮ್ಮನ್ನೇ ತೋರಿಸ್ತದಲ್ಲ ಮಾರಾಯ್ರೆ."

"ದಿಕ್ಸೂಚಿ ತೋರಿಸುವುದು ಉತ್ತರವನ್ನು."

"ನಿಮ್ಮ ಹೊಟ್ಟೆ ಉತ್ತರವಾ?"

ಇಲ್ಲಿ ಒಂದು ವಿಷಯ ಸೇರಿಸಬೇಕು. ಮೊದಲೇ ಹೇಳಬೇಕಿತ್ತು, ಮರೆತೆ. ಆ ವರ್ಷ ನಮ್ಮ ಕಡೆ ಮ್ಯಾಗ್ನೆಟ್ ಬೆಲ್ಟಿನ ಹಾವಳಿ. ಸೊಂಟಕ್ಕೆ ಕಟ್ಟಿಕೊಂಡರೆ ಬೆನ್ನುನೋವು ಹೋಗುತ್ತದಂತೆ. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಒಬ್ಬ ನೆಂಟ ಇನ್ನೊಬ್ಬ ನೆಂಟನಿಗೆ ಮಾರುವುದು. ನೆಂಟರಿಗೆ ಇಲ್ಲ ಎನ್ನುವಂತಿಲ್ಲ. ವಾರಿಜಾಳ ತಮ್ಮ "ಬಾವ, ನಿಮಗೇ ಅಂತ ತಂದದ್ದು" ಎಂದು ಒಂದನ್ನು ತಂದು ಕಟ್ಟಿಯೇ ಹೋಗಿದ್ದ. ಇದಕ್ಕೆ ಆಧಾರ ಏನು ಎಂದು ಅವನಿಗೆ ಅರ್ಧ ಗಂಟೆ ಪಾಠ ಮಾಡಿದ ನಾನು, ಮನೆಯ ಶಾಂತಿಗಾಗಿ ಅದನ್ನು ಅಂಗಿಯ ಒಳಗೆ ಕಟ್ಟಿಕೊಂಡೇ ಓಡಾಡುತ್ತಿದ್ದೆ. ಕಟ್ಟಿಕೊಂಡದ್ದು ಮರೆತೇಹೋಗಿತ್ತು.

ವಾರಿಜಾ ಬೆಲ್ಟ್ ಬಿಚ್ಚಿಸಿ ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದಳು. ಮುಳ್ಳು ನನ್ನನ್ನು ಬಿಟ್ಟು ಹಗ್ಗವನ್ನು ತೋರಿಸಿತು.

"ಈಗ ಊರು ಉಳಿಯಿತಾ?" ಎಂದು ಕೇಳಿ ಒಳಗೆ ಹೋದಳು.

ಸೋಮವಾರ ಹೆಗ್ಡೆಯವರನ್ನೂ ಇಸ್ಮಾಯಿಲರನ್ನೂ ಸುನಂದಾಳ ಮೇಜಿನ ಹತ್ತಿರ ನಿಲ್ಲಿಸಿ, ಬೆಲ್ಟ್ ಕಟ್ಟಿ ತೋರಿಸಿದೆ, ಬಿಚ್ಚಿ ತೋರಿಸಿದೆ. ಬಿಚ್ಚಿದಾಗ ಮುಳ್ಳು ಉತ್ತರ ನೋಡಿಕೊಂಡು ನಿದ್ದೆ ಮಾಡುತ್ತಿತ್ತು. ಇಸ್ಮಾಯಿಲ್ ಎರಡೂ ಕೈ ಎತ್ತಿ ದೇವರನ್ನು ನೆನೆದರು.

"ಆದ್ರೆ ಅಕ್ಷರ ಇನ್ನೂ ನಡುಗ್ತಾ ಉಂಟಲ್ಲ," ಎಂದರು ಹೆಗ್ಡೆಯವರು.

ಹೌದು, ನಡುಗುತ್ತಿತ್ತು. ಆಗ ಪ್ರೊಫೆಸರರ ಮಾತು, ಬೇಕಾದಾಗ ಬಾರದ ಬಸ್ಸಿನ ಹಾಗೆ, ಈಗ ಬಂತು. ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿಗೆ ದಿಕ್ಸೂಚಿಯ ಮುಳ್ಳು ಅಲುಗುವುದಿಲ್ಲ! ಆದ್ದರಿಂದ ನನ್ನ ದಿಕ್ಸೂಚಿ ಅಂದು ಹೇಳಿದ್ದೂ ಸುಳ್ಳು, ಇಂದು ಹೇಳುತ್ತಿರುವುದೂ ಏನೂ ಅಲ್ಲ. ವಯರಿನ ಕ್ಷೇತ್ರ ಇರುವುದು ನಿಜ, ಪರದೆ ನಡುಗುವುದು ಅದರಿಂದಲೇ, ಆದರೆ ಮೈಗೆ ತೊಂದರೆ ಕೊಡುವಷ್ಟು ಅದಿಲ್ಲ. ದೂರ ಹೋದಷ್ಟೂ ಅದು ಬೇಗ ಇಳಿಯುತ್ತದೆ, ಮೇಜನ್ನು ಸ್ವಲ್ಪ ಈಚೆ ಎಳೆದರೆ ಸಾಕು ಎಂದು ವಿವರಿಸಿದೆ. ಎಳೆಯಲು ಜಾಗ ಇರಲಿಲ್ಲ. ಕೌಂಟರನ್ನು ಸಿಮೆಂಟು ಹಾಕಿ ಕಟ್ಟಿದ್ದರು.

"ಅಂದು ತೊಂದರೆ ಉಂಟು ಅಂದ್ರಿ. ಇವತ್ತು ಇಲ್ಲ ಅಂತೀರಿ," ಎಂದರು ಹೆಗ್ಡೆಯವರು. "ಇದಕ್ಕೆ ನಮ್ಮಲ್ಲಿ ಒಂದು ಕ್ರಮ ಉಂಟು ಸಾರ್. ದೈವದ ಎದುರು ನಿಂತು, ಈ ಗೋಡೆಯಿಂದ ಯಾರಿಗೂ ತೊಂದರೆ ಇಲ್ಲ ಅಂತ ಪ್ರಮಾಣ ಮಾಡಿ. ಇಸ್ಮಾಯಿಲ್ ಇಲ್ಲಿಯೇ ಇರ್ಲಿ."

"ನನಗೆ ಅದರಲ್ಲಿ ನಂಬಿಕೆ ಇಲ್ಲ ಹೆಗ್ಡೆಯವರೇ."

"ಮತ್ತೂ ಒಳ್ಳೆಯದಾಯ್ತು. ಹೆದರಿಕೆಯೂ ಇಲ್ಲವಲ್ಲ!"

"ಮಾಡಿ ಸಾರ್," ಎಂದರು ಇಸ್ಮಾಯಿಲ್. "ನಂಬದವರಿಗೆ ಎಂತ? ಒಂದೇ ಮಾತು. ನನ್ನ ಅಂಗಡಿ ಉಳೀತದೆ. ಬೇಕಾದ್ರೆ ಜೊತೆಗೆ ನಾನೂ ಬರ್ತೇನೆ."

ತರ್ಕ ಸರಿಯಾಗಿತ್ತು. ನಾನು ಬಾಯಿ ತೆರೆದೆ. "ಬಹುಶಃ ತೊಂದರೆ ಇಲ್ಲ."

"ಬಹುಶಃ ಅಂತ ಪ್ರಮಾಣ ಮಾಡುವ ಕ್ರಮ ಇಲ್ಲ ಸಾರ್."

"ತಿಳಿದ ಮಟ್ಟಿಗೆ..."

"ಯಾರಿಗೆ ತಿಳಿದ ಮಟ್ಟಿಗೆ? ಹೊಟ್ಟೆಗೆ ಮ್ಯಾಗ್ನೆಟ್ ಕಟ್ಟಿಕೊಂಡವರಿಗಾ? ಹೋಗ್ಲಿ, ಮೊದಲ ದಿನ ಆ ಬೆಲ್ಟ್ ನಿಮ್ಮ ಸೊಂಟದಲ್ಲಿತ್ತು ಅಂತಾದ್ರೂ ಪ್ರಮಾಣ ಮಾಡ್ತೀರಾ?"

ಇತ್ತು. ಇತ್ತೇ? ಇರಲೇಬೇಕು, ಇಲ್ಲದಿದ್ದರೆ ಮುಳ್ಳು ಏಕೆ ತಿರುಗಿತು, ಪರದೆಗೆ ಬಣ್ಣ ಏಕೆ ಹಿಡಿಯಿತು? ಆದರೆ ಅದು ಊಹೆ, ನೆನಪಲ್ಲ. ಆ ಬೆಳಿಗ್ಗೆ ಸ್ನಾನ ಮಾಡಿದ್ದು ನೆನಪಿದೆ, ಅಂಗಿ ಹಾಕಿದ್ದು ನೆನಪಿದೆ, ನಡುವೆ ಬೆಲ್ಟ್ ಕಟ್ಟಿದ್ದು ನೆನಪಿಲ್ಲ. ದೈವಕ್ಕೆ ಹೆದರದ ನಾನು ನನ್ನ ನೆನಪಿಗೆ ಹೆದರಿ ಸುಮ್ಮನೆ ನಿಂತೆ. ಇಸ್ಮಾಯಿಲರ ಮುಖ ಕಪ್ಪಾಗುತ್ತಾ ಬಂತು.

ಆಗ ಸುನಂದಾ ಎದ್ದಳು. "ಪ್ರಮಾಣ ಎಲ್ಲ ಬೇಡ ಹೆಗ್ಡೆಯವರೇ. ತೊಂದರೆ ಇಲ್ಲದಿದ್ರೆ ಸಾರೇ ಇಲ್ಲಿ ಕೂತ್ಕೊಳ್ಳಲಿ. ನಾನು ಕ್ಯಾಬಿನಿನಲ್ಲಿ ಕೂತ್ಕೊಳ್ತೇನೆ."

ಹೆಗ್ಡೆಯವರ ಮುಖ ಅರಳಿತು. "ಇದು ಪ್ರಮಾಣಕ್ಕಿಂತ ಒಳ್ಳೆಯದು! ಮಳೆಗಾಲ ಮುಗಿಯುವವರೆಗೆ ನೋಡುವ. ಸಾರಿಗೆ ಏನೂ ಆಗದಿದ್ರೆ ಇಸ್ಮಾಯಿಲ್ ಇರ್ಲಿ. ಆದ್ರೆ..." ಅವರು ವಾಕ್ಯ ಮುಗಿಸಲಿಲ್ಲ. ಅಲ್ಲಿದ್ದವರೆಲ್ಲ ಮನಸ್ಸಿನಲ್ಲಿ ಮುಗಿಸಿಕೊಂಡರು.

ಅಂದಿನಿಂದ ನನಗೆ ಕಾಯಿಲೆ ಬೀಳುವ ಹಕ್ಕು ಹೋಯಿತು. ಹೆಗ್ಡೆಯವರು ದಿನಾ ಬಂದು "ಹೇಗಿದ್ದೀರಿ ಸಾರ್?" ಎಂದು ಕೇಳುತ್ತಿದ್ದರು. ಅದು ವಿಶ್ವಾಸದ ಮಾತಲ್ಲ, ತಪಾಸಣೆ. ನಾನೊಮ್ಮೆ ಸೀನಿದರೆ ಕ್ಯೂನಲ್ಲಿ ನಿಂತ ಗಿರಾಕಿಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಇಸ್ಮಾಯಿಲ್ ಮಧ್ಯಾಹ್ನ ಕೋಳಿ ಸೂಪು ಕಳಿಸಿ, ಪಾತ್ರೆ ಖಾಲಿಯಾಗಿದೆಯೇ ಎಂದು ತಾವೇ ಬಂದು ನೋಡುತ್ತಿದ್ದರು. ನನಗೆ ತಲೆನೋವು ಬರತೊಡಗಿತು. ಮೊದಲೂ ಬರುತ್ತಿತ್ತೇ? ನೆನಪಿಲ್ಲ. ಕ್ಯಾಬಿನಿನಿಂದ ಸುನಂದಾ "ನನ್ನ ತಲೆನೋವು ಪೂರ್ತಿ ಹೋಯ್ತು ಸಾರ್!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ನಗುವುದೂ ನನ್ನ ಕೆಲಸದಲ್ಲಿ ಸೇರಿತ್ತು. ದೇವಪ್ಪಣ್ಣನೂ ಇಲ್ಲಿ ಕೂತು ನಗುತ್ತಿದ್ದರು ಎಂಬುದು ಮಾತ್ರ, ನೆನಪಾಗಬಾರದ ಹೊತ್ತಿನಲ್ಲೆಲ್ಲ, ಸ್ಪಷ್ಟವಾಗಿ ನೆನಪಾಗುತ್ತಿತ್ತು.

ಅಂಗಡಿ ಕೊನೆಗೆ ಉಳಿಯಿತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. ಆದರೆ ಆಟಿ ತಿಂಗಳ, ಅಂದರೆ ನಮ್ಮ ಕಡೆಯ ಆಷಾಢದ, ಒಂದು ಬೆಳಿಗ್ಗೆ ಅದು ಹೋಯಿತೆಂದೇ ಎಣಿಸಿದ್ದೆವು. ಜಡಿಮಳೆ. ನನಗೆ ಕೆಂಡದಂಥ ಜ್ವರ, ಹಲ್ಲು ಕಟಕಟ. ಆದರೂ ಆಫೀಸಿಗೆ ಹೋದೆ, ಏಕೆಂದರೆ ರಜೆ ಹಾಕಿದರೆ ಫ್ರೀಜರುಗಳು ಬೀದಿಗೆ ಬೀಳುತ್ತಿದ್ದವು. ಸೂಪು ತಂದ ಇಸ್ಮಾಯಿಲ್ ನನ್ನ ಹಣೆ ಮುಟ್ಟಿ ಬೆಚ್ಚಿದರು.

"ಯಾರಿಗೂ ಹೇಳ್ಬೇಡಿ ಸಾರ್. ಇಲ್ಲಿಯ ಡಾಕ್ಟ್ರ ಹತ್ತಿರ ಹೋದ್ರೆ ಹತ್ತು ನಿಮಿಷದಲ್ಲಿ ಹೆಗ್ಡೆಯವರಿಗೆ ಗೊತ್ತಾಗ್ತದೆ. ನಾವು ಬಂಟ್ವಾಳಕ್ಕೆ ಹೋಗುವ."

"ಹೇಗೆ?"

"ಮೀನಿನ ಗಾಡಿಯಲ್ಲಿ. ಎದುರು ಕೂತ್ರೆ ಕಾಣ್ತದೆ. ಹಿಂದೆ."

ಅಂಗಡಿಯ ಹಿಂಬಾಗಿಲಿನಿಂದ ನನ್ನನ್ನು ಹತ್ತಿಸಿದರು. ಖಾಲಿ ಮೀನಿನ ಪೆಟ್ಟಿಗೆಗಳ ನಡುವೆ, ಟಾರ್ಪಾಲಿನ ಅಡಿಯಲ್ಲಿ, ಹಳೆಯ ಐಸಿನ ನೀರಿನಲ್ಲಿ ಮಲಗಿ, ಸಿದ್ಧಕಟ್ಟೆಯ ತಿರುವುಗಳನ್ನೆಲ್ಲ ಬೆನ್ನುಮೂಳೆಯಲ್ಲಿ ಎಣಿಸುತ್ತ, ಒಬ್ಬ ಎಂ.ಎಸ್ಸಿ. ಪದವೀಧರ ಬಂಟ್ವಾಳ ತಲುಪಿದ.

ಡಾಕ್ಟರು ಮೂಗಿಗೆ ಕರ್ಚೀಫು ಹಿಡಿದೇ ನಾಡಿ ನೋಡಿದರು. "ಮಲೇರಿಯಾದ ಹಾಗೆ ಕಾಣ್ತದೆ. ರಕ್ತ ನೋಡುವ. ಎಂತ ಕೆಲಸ ನಿಮ್ಮದು?"

ನಾನು ಬಾಯಿ ತೆರೆಯುವ ಮೊದಲೇ ಇಸ್ಮಾಯಿಲ್ ಹೇಳಿದರು, "ಮೀನಿನ ವ್ಯಾಪಾರ ಡಾಕ್ಟ್ರೆ. ನನ್ನ ಜೊತೆಯೇ."

ಡಾಕ್ಟರು ತಲೆಯಾಡಿಸಿ ಚೀಟಿ ಬರೆದರು. ಆಮೇಲೆ ನನ್ನ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಕೇಳಿದರು, "ಮಾತ್ರೆಯ ಹೆಸರು ಓದ್ಲಿಕ್ಕೆ ಬರ್ತದಾ? ಇಲ್ಲ ಬಣ್ಣ ಹೇಳ್ಬೇಕಾ?"

ಇಸ್ಮಾಯಿಲ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಣ್ಣವೇ ಹೇಳಿ ಡಾಕ್ಟ್ರೆ," ಎಂದೆ. "ಓದಿದ್ದು ಯಾವುದೂ ನನಗೆ ನೆನಪಿರುವುದಿಲ್ಲ."